ತೋಳದ ಮೇಲಿನ ಅಪವಾದ: ಒಂದು ವಿಚಾರ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಬಡ್ಡಿ, ವಸೂಲಿ, ಗೊಬ್ಬರದ ವಿಷಯ ಬರೆಯುವವರು ಬಹಳ ಮಂದಿ ಇದ್ದಾರೆ, ನಾವು ತೋಳದ ಬಗ್ಗೆ ಬರೀತೇವೆ ಎಂದೆವು. ಎಲ್ಲರೂ ನಕ್ಕರು. ಆದರೆ ಕುರಿ ಸಾಲ ಪಡೆದ ನಮ್ಮ ಸದಸ್ಯರಿಗೆ ಇದು ನಗುವ ಮಾತಲ್ಲ. ಕುರಿ ಸತ್ತರೆ ಕಂತು ನಿಲ್ಲುತ್ತದೆ. ಕಂತು ಯಾಕೆ ನಿಂತಿತು ಎಂದು ಕೇಳಿದರೆ ಬರುವ ಉತ್ತರ ಒಂದೇ: "ತ್ವಾಳ ತಿಂತ್ರೀ." ಈ ಮಾತು ಎಷ್ಟು ನಿಜ, ಎಷ್ಟು ರೂಢಿ ಎಂಬುದನ್ನು ನಮ್ಮ ತಿಳುವಳಿಕೆಗೆ ನಿಲುಕಿದಷ್ಟು ವಿಚಾರ ಮಾಡೋಣ.

ತೋಳದ ಕೆಟ್ಟ ಹೆಸರು ಇಂದು ನಿನ್ನೆಯದಲ್ಲ. ಋಗ್ವೇದದ ಕಾಲದ ಜನ ತೋಳದಿಂದ ಕಾಪಾಡು ಎಂದು ದೇವರನ್ನು ಬೇಡಿಕೊಂಡಿದ್ದಾರೆ. ದನ ಕುರಿ ಸಾಕಿ ಬದುಕುವವರಿಗೆ ಅದು ಸಹಜ. ಆದರೆ ಅದೇ ವೇದದಲ್ಲಿ ಋಜ್ರಾಶ್ವ ಎಂಬುವನ ಕಥೆಯೂ ಬರುತ್ತದೆ. ಅವನು ನೂರು ಕುರಿಗಳನ್ನು ಒಂದು ಹೆಣ್ಣು ತೋಳಕ್ಕೆ ಕೊಟ್ಟನಂತೆ. ಸಿಟ್ಟಿಗೆದ್ದ ತಂದೆ ಮಗನ ಕಣ್ಣು ತೆಗೆದ. ಆ ತೋಳವೇ ಅವನ ಪರವಾಗಿ ಅಶ್ವಿನೀ ದೇವತೆಗಳನ್ನು ಕೂಗಿತು, ಅವರು ಅವನಿಗೆ ಮತ್ತೆ ಕಣ್ಣು ಕೊಟ್ಟರು. ಕುರಿ ಕಳೆದುಕೊಂಡ ತಂದೆಯ ಸಂಕಟವೂ ಇದೆ, ಉಪಕಾರ ಮರೆಯದ ತೋಳವೂ ಇದೆ. ನಮ್ಮ ಹಿರಿಯರು ಎರಡೂ ಕಡೆ ನೋಡಿದ್ದರು.

ಮಹಾಭಾರತದಲ್ಲಿ ಭೀಮನಿಗೆ ವೃಕೋದರ ಎಂದು ಹೆಸರು. ವೃಕ ಅಂದರೆ ತೋಳ, ತೋಳದ ಹೊಟ್ಟೆಯವನು ಎಂದರ್ಥ. ಅದನ್ನು ಬೈಗುಳವೆಂದು ಯಾರೂ ತಿಳಿಯಲಿಲ್ಲ. ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಕುತಂತ್ರದ ಪಟ್ಟ ನರಿಗೆ ಸಂದಿದೆ, ತೋಳಕ್ಕಲ್ಲ. ನರಭಕ್ಷಕ ಮೋಸಗಾರ ತೋಳ ನಮ್ಮ ಮಕ್ಕಳ ಪುಸ್ತಕಕ್ಕೆ ಬಂದದ್ದು ಹೆಚ್ಚಾಗಿ ಪಶ್ಚಿಮದಿಂದ. ಕೆಂಪು ಟೊಪ್ಪಿಗೆಯ ಹುಡುಗಿಯನ್ನು ನುಂಗುವ ತೋಳದ ಕಥೆಯನ್ನು 1697ರಲ್ಲಿ ಫ್ರಾನ್ಸಿನ ಪೆರೋ ಎಂಬುವರು ಅಚ್ಚು ಹಾಕಿಸಿದರು. 1812ರಲ್ಲಿ ಜರ್ಮನಿಯ ಗ್ರಿಮ್ ಸಹೋದರರು ಅದನ್ನೇ ಇನ್ನೊಂದು ರೀತಿ ಹೇಳಿದರು. ಅದೇ ಪಶ್ಚಿಮದಲ್ಲಿ ರೋಮ್ ನಗರ ಕಟ್ಟಿದ ಅವಳಿ ಮಕ್ಕಳಿಗೆ ಹಾಲುಣಿಸಿದ್ದು ತೋಳ ಎಂದೂ ಹೇಳುತ್ತಾರೆ. ಇನ್ನು "ತೋಳ ಬಂತು ತೋಳ" ಎಂಬ ಈಸೋಪನ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಸುಳ್ಳು ಹೇಳಿದವನು ಕುರಿ ಕಾಯುವ ಹುಡುಗ. ಕೆಟ್ಟ ಹೆಸರು ಮಾತ್ರ ತೋಳಕ್ಕೆ!

ಹಾಗಾದರೆ ತೋಳ ನಿರಪರಾಧಿಯೇ? ಹಾಗೆ ಬರೆದರೆ ಸತ್ತ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುತ್ತದೆ. 1878ರಲ್ಲಿ ಉತ್ತರ ಭಾರತದ ಪ್ರಾಂತ್ಯಗಳಲ್ಲಿ 600ಕ್ಕೂ ಹೆಚ್ಚು ಜನ ತೋಳಕ್ಕೆ ಬಲಿಯಾದರೆಂದು ಬ್ರಿಟಿಷರ ದಾಖಲೆ ಹೇಳುತ್ತದೆ. 1993ರಿಂದ 1995ರವರೆಗೆ ಆಗಿನ ಬಿಹಾರದ ಹಜಾರಿಬಾಗ್ ಭಾಗದಲ್ಲಿ, 1996ರಲ್ಲಿ ಉತ್ತರ ಪ್ರದೇಶದ ಪ್ರತಾಪಗಡ, ಸುಲ್ತಾನಪುರ, ಜೌನಪುರ ಜಿಲ್ಲೆಗಳಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದವು. 1996ರ ಪ್ರಕರಣದಲ್ಲೇ 70ಕ್ಕೂ ಹೆಚ್ಚು ಮಕ್ಕಳ ಮೇಲೆ ದಾಳಿ ಆಯಿತು. 2024ರಲ್ಲಿ ಬಹರಾಯಿಚ್ ಜಿಲ್ಲೆಯಲ್ಲಿ ಮತ್ತೆ ಅದೇ ಗೋಳು.

ಇದು ಯಾಕೆ ಆಯಿತು ಎಂಬುದನ್ನು ನೋಡಬೇಕು. 1996ರ ದಾಳಿಗಳನ್ನು ಪರಿಶೀಲಿಸಿದ ವನ್ಯಜೀವಿ ವಿಜ್ಞಾನಿಗಳು, ಇಷ್ಟೆಲ್ಲ ಮಾಡಿದ್ದು ಆ ಜಿಲ್ಲೆಗಳ ಎಲ್ಲಾ ತೋಳಗಳಲ್ಲ, ಕೆಟ್ಟ ಚಾಳಿ ಬಿದ್ದ ಒಂದು ತೋಳ ಅಥವಾ ಅದರ ಒಂದು ಗುಂಪು ಎಂಬ ನಿರ್ಣಯಕ್ಕೆ ಬಂದರು. ಅಲ್ಲಿ ಕಾಡಿನ ಬೇಟೆ ಇರಲಿಲ್ಲ. ಬಡವರ ಗುಡಿಸಲಿಗೆ ಬಾಗಿಲಿರಲಿಲ್ಲ. ಮೇಕೆಯನ್ನು ಜೋಪಾನವಾಗಿ ಕಟ್ಟುತ್ತಿದ್ದರು, ಕೂಸು ಹೊರಗೆ ಮಲಗುತ್ತಿತ್ತು. ಇನ್ನೂ ದುಃಖದ ಸಂಗತಿ ಎಂದರೆ, ಇವು ತೋಳಗಳಲ್ಲ, ತೋಳದ ವೇಷದ ಮನುಷ್ಯರು ಎಂಬ ಗಾಳಿಸುದ್ದಿ ಹಬ್ಬಿ ಜನ ಅಪರಿಚಿತರನ್ನು ಹಿಡಿದು ಹೊಡೆದು ಕೊಂದರು. ಕಥೆ ಕೈ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ಇನ್ನೊಂದು ಕಡೆಯ ಲೆಕ್ಕ. ಬ್ರಿಟಿಷ್ ಸರಕಾರ ತೋಳ ಕೊಂದವರಿಗೆ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಸುಮಾರು 2 ಲಕ್ಷ ತೋಳಗಳನ್ನು ಕೊಂದರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಂದು ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 3,000 ಎಂದು ತಜ್ಞರ ಅಂದಾಜು. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬ ಗಾದೆ ನಮ್ಮದೇ. ಆ ಗಾದೆಯಂತೆ ದೇಶವೇ ನಡೆದುಕೊಂಡಿತು.

ನಮ್ಮ ಬಯಲುಸೀಮೆಯ ಮಾತಿಗೆ ಬರೋಣ. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಹುಲ್ಲುಗಾವಲು, ಕುರುಚಲು ಗುಡ್ಡ, ಬೀಳು ಹೊಲ ಅದರ ಮನೆ. ಜಿಂಕೆ, ಮೊಲ, ಇಲಿ ಅದರ ಆಹಾರ. ಕೃಷ್ಣಮೃಗ ಕಡಿಮೆಯಾದ ಕಡೆ ಕುರಿ ಮೇಕೆಯೇ ಗತಿ. ಗೋಮಾಳವನ್ನು ಒತ್ತುವರಿ ಮಾಡಿದವರು ನಾವು, ಗುಡ್ಡ ಕಡಿದು ಕ್ವಾರಿ ಮಾಡಿದವರು ನಾವು. ಬೇಲಿ ನಾವು ಹಾಕಿ, ಒಳಗೆ ಬಂದೆ ಯಾಕೆ ಎಂದು ತೋಳವನ್ನು ಕೇಳುತ್ತೇವೆ. ಕುರಿಯವರಿಗೂ ಮೇವಿನ ಜಾಗ ಹೋಯಿತು, ತೋಳಕ್ಕೂ ಹೋಯಿತು. ಇಬ್ಬರೂ ಒಂದೇ ನಷ್ಟದ ಪಾಲುದಾರರು.

ತೋಳ ಕುರಿ ಒಯ್ಯುವುದು ನಿಜ. ನಮ್ಮ ಊರಿನ ಹಿರಿಯ ಕುರಿಗಾಹಿಗಳು ಅದನ್ನು ಮುಚ್ಚಿಡುವುದಿಲ್ಲ. ಅವರಲ್ಲಿ ಒಬ್ಬ ಅಜ್ಜ ನಮಗೆ ಹೇಳಿದ ಮಾತು: "ತ್ವಾಳ ಬಂದ್ರ ಒಂದು ಹೋಗತೈತಿ ತಮ್ಮಾ, ನಾಯಿ ಹೊಕ್ಕರ ಹಟ್ಟೀನ ಹೋಗತೈತಿ." ಕೆಲವು ವರ್ಷದ ಹಿಂದೆ ಒಬ್ಬ ಸದಸ್ಯರ ಹಟ್ಟಿಯಲ್ಲಿ ಒಂದೇ ರಾತ್ರಿ 11 ಮರಿ ಸತ್ತವು. ತೋಳದ್ದೇ ಕೆಲಸ ಎಂದು ಊರೆಲ್ಲ ನಿರ್ಧಾರವಾಯಿತು. ಸತ್ತ ಮರಿಗೆ ಔಷಧಿ ಸವರಿ ಗುಡ್ಡಕ್ಕೆ ಇಡಬೇಕೆಂದು ಹುಡುಗರು ಹೊರಟರು. ಆ ಅಜ್ಜ ಗಾಯ ನೋಡಿ ತಡೆದರು. ತೊಡೆ, ಬಾಲ ಎಲ್ಲಾ ಹರಿದಿತ್ತು, ಒಂದನ್ನೂ ಒಯ್ದಿರಲಿಲ್ಲ. ಮರುದಿನ ರಾತ್ರಿ ಕಾದು ಕುಂತಾಗ ಬಂದದ್ದು ಊರಿನವೇ ಐದು ಬೀದಿನಾಯಿಗಳು. ಅಷ್ಟರಲ್ಲಿ ವಿಷ ಇಟ್ಟಿದ್ದರೆ ತೋಳವಷ್ಟೇ ಅಲ್ಲ, ಹದ್ದು, ನರಿ, ಕುರಿ ಕಾಯುವ ನಾಯಿ ಎಲ್ಲವೂ ಸಾಯುತ್ತಿದ್ದವು.

ಈ ಮಾತು ಬರೆಯುವ ನಾವೂ ಸಾಚಾ ಅಲ್ಲ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಊರ ದೊಡ್ಡವರು ಗುಡ್ಡದ ಗವಿಯ ಬಾಯಿಗೆ ಹೊಟ್ಟು, ಕಸ ಒಟ್ಟಿ ಹೊಗೆ ಹಾಕಿದರು. ಹೊಟ್ಟಿನ ಬುಟ್ಟಿ ಹೊತ್ತವರಲ್ಲಿ ನಾವೂ ಒಬ್ಬರು. ಮೂರು ಮರಿ ಸತ್ತವು, ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ತಾಯಿ ಎರಡು ರಾತ್ರಿ ಊರ ಸುತ್ತ ಕೂಗಿತು. ಆಗ ನಮಗೆ ಅದು ಹಬ್ಬದಂತೆ ಕಂಡಿತ್ತು. ಈಗ ನಮ್ಮ ಮಕ್ಕಳಿಗೆ ತೋಳದ ಕೂಗು ಹೇಗಿರುತ್ತದೆ ಎಂದು ಹೇಳಿ ತೋರಿಸಲು ಬರುವುದಿಲ್ಲ, ಕೇಳಿಸಲು ತೋಳವೂ ಇಲ್ಲ.

ಕಾಲ ಸ್ವಲ್ಪ ಬದಲಾಗಿದೆ. 1972ರ ವನ್ಯಜೀವಿ ಕಾಯ್ದೆಯಡಿ ತೋಳ ಕೊಲ್ಲುವುದು ದೊಡ್ಡ ಅಪರಾಧ. 1974ರಲ್ಲೇ ಮೇಲುಕೋಟೆಯ ಕಾಡನ್ನು ತೋಳಗಳ ರಕ್ಷಣೆಗಾಗಿ ಅಭಯಾರಣ್ಯ ಮಾಡಿದರು. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ 2019ರಲ್ಲಿ ರಕ್ಷಣೆ ಸಿಕ್ಕಿತು, ಅಲ್ಲೂ ತೋಳಗಳಿವೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ.

ಆದರೆ ತೋಳ ಉಳಿಸುವ ಖರ್ಚನ್ನು ಕುರಿಗಾಹಿ ಒಬ್ಬನೇ ಹೊರಬಾರದು. ಕಾಡುಪ್ರಾಣಿ ಕೊಂದ ಕುರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ಅವಕಾಶವಿದೆ. ಸತ್ತ ಕುರಿಯನ್ನು ಹೂಳುವ ಮೊದಲು ಅರಣ್ಯ ಸಿಬ್ಬಂದಿಗೂ ಪಶುವೈದ್ಯರಿಗೂ ತೋರಿಸಬೇಕು. ಓದು ಬರಹ ಬಾರದ ಸದಸ್ಯರಿಗೆ ಅರ್ಜಿ ಬರೆದುಕೊಡುವ ಕೆಲಸವನ್ನು ನಮ್ಮ ಸಂಘದ ಕಚೇರಿ ವಹಿಸಿಕೊಳ್ಳಬೇಕು, ಕುರಿ ಸಾಲದ ಜೊತೆಗೆ ವಿಮೆಯನ್ನೂ ಮಾಡಿಸಬೇಕು ಎಂದು ಆಡಳಿತ ಮಂಡಳಿಯ ಮುಂದೆ ನಾವು ಈ ಲೇಖನದ ಮೂಲಕ ವಿನಂತಿ ಇಡುತ್ತೇವೆ. ಊರ ನಾಯಿಗಳ ವಿಷಯವನ್ನು ಗ್ರಾಮ ಪಂಚಾಯಿತಿಯವರು ಮನಸ್ಸಿಗೆ ತೆಗೆದುಕೊಳ್ಳಬೇಕು.

ಒಟ್ಟಿನಲ್ಲಿ ತೋಳ ದೇವರೂ ಅಲ್ಲ, ದೆವ್ವವೂ ಅಲ್ಲ. ಹೊಟ್ಟೆಪಾಡಿನ ಪ್ರಾಣಿ. ಅದು ಮಾಡಿದ ತಪ್ಪು ಅದರ ಖಾತೆಗೆ ಬರೆಯೋಣ, ನಾಯಿಯದ್ದು ನಾಯಿ ಖಾತೆಗೆ, ನಮ್ಮದು ನಮ್ಮ ಖಾತೆಗೆ. ಒಬ್ಬರ ಬಾಕಿಯನ್ನು ಇನ್ನೊಬ್ಬರ ಹೆಸರಿಗೆ ಹಾಕಬಾರದು ಎಂಬುದನ್ನು ಸಹಕಾರ ಸಂಘದ ಸದಸ್ಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಸಂಘಕ್ಕೆ ಒಳ್ಳೆಯದಾಗಲಿ, ಮಳೆ ಬೆಳೆ ಚೆನ್ನಾಗಿ ಆಗಲಿ.