ಹಿತ್ತಲ ಕೋಳಿಗೆ ಯಾವ ಫೀಡ್? ಮೂಟೆ ತರುವ ಮುನ್ನ ತಿಳಿದಿರಲಿ

ಮನೆಯಲ್ಲಿ ಹತ್ತು-ಹದಿನೈದು ಕೋಳಿ ಸಾಕಿದವರಿಗೆ 50 ಕೆ.ಜಿ. ಮೂಟೆ ದೊಡ್ಡದಾಗುತ್ತೆ. ಹಿತ್ತಲಲ್ಲಿ ಮೇಯುವ ಕೋಳಿಗೆ ದಿನಕ್ಕೆ ಸುಮಾರು 50 ಗ್ರಾಂ ಫೀಡ್ ಕೊಟ್ಟರೂ ಹತ್ತು ಕೋಳಿಗೆ ಅರ್ಧ ಕೆ.ಜಿ. ಆಯ್ತು. ಅಂದರೆ ಒಂದು ಮೂಟೆ 100 ದಿನ ಬರುತ್ತೆ. ಮಳೆಗಾಲದಲ್ಲಿ ಅಷ್ಟರೊಳಗೆ ಬೂಷ್ಟು ಹಿಡಿಯೋದೇ ಹೆಚ್ಚು. ಹಾಗಾಗಿ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ, ಇಲ್ಲವೇ ಅಕ್ಕಪಕ್ಕದ ಮನೆಯವರ ಜೊತೆ ಮೂಟೆ ಹಂಚಿಕೊಳ್ಳಿ. ಗೂಡಲ್ಲೇ ಕೂಡಿಹಾಕಿ ಸಾಕುವ ಮೊಟ್ಟೆ ಕೋಳಿಗೆ ಮಾತ್ರ 100ರಿಂದ 120 ಗ್ರಾಂ ಬೇಕು.

ವಯಸ್ಸಿಗೆ ತಕ್ಕ ಫೀಡ್

* 8 ವಾರದವರೆಗೆ: ಚಿಕ್ ಸ್ಟಾರ್ಟರ್, ಪ್ರೋಟೀನ್ ಸುಮಾರು ಶೇ 20.
* ನಂತರ ಮೊಟ್ಟೆ ಶುರುವಾಗುವವರೆಗೆ: ಗ್ರೋವರ್, ಸುಮಾರು ಶೇ 16.
* ಮೊಟ್ಟೆ ಇಡುವಾಗ: ಲೇಯರ್, ಶೇ 16ರಿಂದ 18. ಇದರಲ್ಲಿ ಕ್ಯಾಲ್ಸಿಯಂ ಶೇ 3ಕ್ಕಿಂತ ಹೆಚ್ಚಿರುತ್ತೆ.

ಲೇಯರ್ ಫೀಡ್ ಮರಿಗಳಿಗೆ ಹಾಕಬೇಡಿ. ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಹಾಳು ಮಾಡುತ್ತೆ. ದನದ ಫೀಡ್ ಅಂತೂ ಬೇಡವೇ ಬೇಡ. ಕೆಲವದರಲ್ಲಿ ಯೂರಿಯಾ ಇರುತ್ತೆ, ಅದು ಕೋಳಿಗೆ ವಿಷ.

ಮನೆಯಲ್ಲೇ ಕಲಸುವುದಾದರೆ

ಮೊಟ್ಟೆ ಕೋಳಿಗೆ ಸುಮಾರು 10 ಕೆ.ಜಿ. ಮಿಶ್ರಣಕ್ಕೆ: ಮೆಕ್ಕೆಜೋಳದ ನುಚ್ಚು 5 ಕೆ.ಜಿ., ಸೋಯಾ ಹಿಂಡಿ 2.5 ಕೆ.ಜಿ., ಅಕ್ಕಿ ತೌಡು 1.4 ಕೆ.ಜಿ., ಚಿಪ್ಪಿನ ಪುಡಿ 800 ಗ್ರಾಂ, ಕೋಳಿಗೆಂದೇ ಮಾಡಿದ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ. ಬರೀ ಜೋಳ, ರಾಗಿ ಹಾಕಿದರೆ ಹೊಟ್ಟೆ ತುಂಬುತ್ತೆ, ಆದರೆ ಮೊಟ್ಟೆ ಕಡಿಮೆಯಾಗುತ್ತೆ, ಸಿಪ್ಪೆಯೂ ತೆಳುವಾಗುತ್ತೆ.

ಕೊಳ್ಳುವಾಗ ನೋಡಿ

ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯನ್ನು ಕೈಗೆ ತಗೊಂಡು ಮೂಸಿ ನೋಡಿ. ಮುಗ್ಗಲು ವಾಸನೆ, ಗಂಟು, ಹಸಿರು-ಕಪ್ಪು ಬೂಷ್ಟು ಇದ್ದರೆ ಬಿಡಿ. ಬೂಷ್ಟಿನ ವಿಷ ಕೋಳಿಯ ಲಿವರ್‌ಗೆ ಏಟು ಕೊಡುತ್ತೆ. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಉದುರಬಹುದು, ವಿಷ ಹೋಗಲ್ಲ. ಬಿತ್ತನೆಗೆ ತಂದು ಉಳಿದ ಗುಲಾಬಿ, ಕೆಂಪು ಬಣ್ಣದ ಜೋಳವನ್ನೂ ಹಾಕಬೇಡಿ. ಆ ಬಣ್ಣದ ಜೊತೆ ಔಷಧಿ ಲೇಪ ಇರುತ್ತೆ, ತೊಳೆದರೂ ಬಳಸುವಂತಿಲ್ಲ.

ಅಂಗಡಿಯವರ ಗಮನಕ್ಕೆ

ಬಿಡಿಯಾಗಿ ತೂಗಿ ಕೊಡುವಾಗ ಲೇಬಲ್ ಮೂಟೆಯಲ್ಲೇ ಉಳಿದುಬಿಡುತ್ತೆ, ಅದಲು ಬದಲು ಆಗೋದು ಅಲ್ಲೇ. ಕವರ್ ಮೇಲೆ ಫೀಡ್ ಹೆಸರು, ತಯಾರಾದ ದಿನಾಂಕ ಎರಡನ್ನೂ ಬರೆದುಕೊಡಿ. ಮೂಟೆಗಳನ್ನು ಗೋಡೆಗೆ ಒರಗಿಸದೆ ಹಲಗೆ ಮೇಲಿಡಿ. ದನದ ಫೀಡ್, ಕೀಟನಾಶಕದ ಪಕ್ಕ ಇಡಬೇಡಿ.

ಹೊಸ ಫೀಡ್ ಹಾಕಿದ ಮೇಲೆ ಕೋಳಿ ಮಂಕಾದರೆ ಅಥವಾ ಸತ್ತರೆ, ಆ ಫೀಡ್ ಹಾಕೋದು ಕೂಡಲೇ ನಿಲ್ಲಿಸಿ. ಒಂದು ಹಿಡಿ ಕವರಿನಲ್ಲಿ ಕಟ್ಟಿಟ್ಟುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ತಗೊಂಡು ಹೋಗಿ ತೋರಿಸಿ.