ಹೆಬ್ಬೆಟ್ಟಿಗೆ ಮುನ್ನ ಒಪ್ಪಿಗೆ

ಪ್ಲೇಗಿಗೆ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್, 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ಪ್ರಯೋಗಿಸಿದ್ದು ತಮ್ಮ ಮೈಮೇಲೆಯೇ. ಅದೇ ತಿಂಗಳು ಬೈಕಲಾ ಜೈಲಿನ ಕೈದಿಗಳ ಸರದಿ ಬಂತು. ಮರುವರ್ಷ ಪ್ಲೇಗುಪೀಡಿತ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು.

ಕೈದಿಗಳು ತಾವಾಗಿಯೇ ಮುಂದೆ ಬಂದರೆನ್ನುತ್ತದೆ ಇತಿಹಾಸ. ಆದರೆ ಕಂಬಿಯ ಹಿಂದಿರುವವನು 'ಒಲ್ಲೆ' ಎನ್ನಬಲ್ಲನೆ?

ನಾಜಿ ವೈದ್ಯರ ಕ್ರೌರ್ಯ ಬಯಲಾದ ಬಳಿಕ, 1947ರ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆಯನ್ನೇ ಮೊದಲ ನಿಯಮವಾಗಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ನೀತಿ ಹೇಳಿಕೆಯನ್ನೂ 2017ರಲ್ಲಿ ವಿಸ್ತೃತ ಮಾರ್ಗಸೂಚಿಯನ್ನೂ ಹೊರಡಿಸಿತು. ಅದರಂತೆ ಪ್ರಯೋಗದ ಲಾಭ, ಅಪಾಯಗಳನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು; ಓದು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕು; ನಡುವೆ ಬಿಟ್ಟವರಿಗೆ ಚಿಕಿತ್ಸೆ ತಪ್ಪಬಾರದು.

ಹುಲಿಹೈದರದ ರೈತ ಕನ್ನಡದಲ್ಲಿ ಕೇಳಿ, ತಿಳಿದು ಒತ್ತಿದರೆ ಮಾತ್ರ ಆ ಹೆಬ್ಬೆಟ್ಟು ಒಪ್ಪಿಗೆ. ಇಲ್ಲವಾದರೆ ಬರೀ ಮಸಿ.