ಎರಿ ನಾಡಿನ ಮ್ಯೂಸಿಯಮ್ಮುಗಳಲ್ಲಿ ನಮ್ಮ ಕೇರಿ ಎಲ್ಲೈತಿ?



ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇತಿಹಾಸಕ್ಕೇನೂ ಬರ ಇಲ್ಲ. ಜೋಳ, ಹತ್ತಿ, ಕಡಲೆ ಬೆಳೆಯುವ ಈ ಎರಿ ಹೊಲಗಳ ನಡುವೆ ಕೋಟೆ ಅದಾವು, ವಾಡೆ ಅದಾವು, ಶಾಸನ ಅದಾವು, ಸಮಾಧಿ ಅದಾವು. ಆಫೀಸಿಗೆ ರಜೆ ಇದ್ದ ದಿನ ಬಸ್ ಹತ್ತಿ ಇವನ್ನೆಲ್ಲ ನೋಡುತ್ತ ಬಂದಿದ್ದೇನೆ. ಎಲ್ಲ ಕಡೆ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇಲ್ಲಿ ಇಟ್ಟ ವಸ್ತುಗಳನ್ನು ಮಾಡಿದವರು, ಹೊತ್ತವರು, ಕಾದವರು ಯಾರು?

ಕಿತ್ತೂರಿನಿಂದ ಶುರು ಮಾಡೋಣ. ಕೋಟೆಯ ಆವರಣದಲ್ಲೇ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ ಐತಿ. ಕತ್ತಿ, ಉಕ್ಕಿನ ಕವಚ, ಅರಮನೆಯ ಕೆತ್ತನೆಯ ಬಾಗಿಲು-ಕಿಟಕಿ, ಕಾದರೊಳ್ಳಿಯ ಸೂರ್ಯ ಮತ್ತು ವಿಷ್ಣು, ಹಿರೇಬಾಗೇವಾಡಿಯ ಮಹಿಷಮರ್ದಿನಿ, ವೀರಗಲ್ಲು, ಮಾಸ್ತಿಗಲ್ಲು. ನೋಡಲೇಬೇಕಾದ ಜಾಗ. ಮಕ್ಕಳನ್ನು ಕರ್ಕೊಂಡು ಹೋಗ್ರಿ. ಆದರ ಬಾಗಿಲ ಮುಂದೆ ನಿಂತಾಗ ಮಕ್ಕಳಿಗೆ ಹೇಳ್ರಿ: ಇದನ್ನು ಕೆತ್ತಿದವ ರಾಜ ಅಲ್ಲ, ಬಡಿಗ. ಕತ್ತಿ ಬಡಿದವ ಕಮ್ಮಾರ. ಆ ಕತ್ತಿಯ ತೊಗಲಿನ ಒರೆ ಹೊಲಿದವ, ಕುದುರೆಗೆ ಜೀನು ಕಟ್ಟಿಕೊಟ್ಟವ ನಮ್ಮವ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಗುಂಡು ಹೊಡೆದದ್ದು ಅಮಟೂರ ಬಾಳಪ್ಪ. ಡಿಸೆಂಬರಿನಲ್ಲಿ ಕಂಪನಿ ಸರ್ಕಾರ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು, ಸಮಾಧಿ ಅಲ್ಲೇ ಐತಿ. 2024ಕ್ಕೆ ಆ ಗೆಲುವಿಗೆ 200 ವರ್ಷ ತುಂಬಿತು. ಇಷ್ಟು ಎಲ್ಲರಿಗೂ ಗೊತ್ತು.

ಕಡಿಮೆ ಮಂದಿಗೆ ಗೊತ್ತಿರೋದು ಇದರ ಹಿಂದಿನ ಕಾಗದದ ಕತೆ. ನಾನು ಕ್ಲಾರ್ಕ್ ಆಗಿರೋದರಿಂದ ನನ್ನ ಕಣ್ಣು ಅಲ್ಲಿಗೇ ಹೋಗ್ತದ. ಸಂಗೊಳ್ಳಿ ರಾಯಣ್ಣ ಶೇತಸನದಿ. ಅಂದ್ರ, ಸನದಿನ ಮೇಲೆ ಹೊಲ ಪಡೆದು, ಅದಕ್ಕೆ ಪ್ರತಿಯಾಗಿ ಊರ ಕಾವಲು, ಯುದ್ಧ ಬಂದಾಗ ಸೈನ್ಯದ ಚಾಕರಿ ಮಾಡುವವ. ಕಿತ್ತೂರಿಗಾಗಿ ಬಡಿದಾಡಿದವರಲ್ಲಿ ಇಂಥ ಹೊಲ-ಚಾಕರಿಯವರೇ ಬಹಳ. ಕಂಪನಿ ಆಡಳಿತ ಬಂದ ಮೇಲೆ ಆ ಹೊಲಗಳ ಮೇಲೆ ಕರ ಬಿತ್ತು, ಹೊಲ ಕೈ ಬಿಟ್ಟು ಹೋಗತೊಡಗಿದವು. ರಾಯಣ್ಣ 1829-30ರಲ್ಲಿ ದಂಡು ಕಟ್ಟಿದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಬೀಡಿಯ ಕಚೇರಿಗೆ ಬೆಂಕಿ ಇಟ್ಟದ್ದು. ಸುಟ್ಟದ್ದು ಬರೇ ಕಟ್ಟಡ ಅಲ್ರಿ, ದಫ್ತರ. ತಮ್ಮ ಹೊಲ ಕಸಿಯುವ ಕಾಗದ ಎಲ್ಲೈತಿ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ಅವನ ಜೊತೆಗಿದ್ದವರಲ್ಲಿ ಸಿದ್ದಿ ಸಮುದಾಯದ ಗಜವೀರನೂ ಇದ್ದ ಅಂತ ಜನ ಇವತ್ತಿಗೂ ನೆನೆಸ್ತಾರ. 1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಸಂಗೊಳ್ಳಿಯಲ್ಲಿ ಈಗ ಅವನ ಬದುಕು ಹೇಳುವ ಶಿಲ್ಪವನ ಆಗೈತಿ. ಸಂತೋಷ. ಆದರ ಅದಕ್ಕಿಂತ ಎಷ್ಟೋ ಮೊದಲೇ ಜನ ತಮ್ಮದೇ ಸ್ಮಾರಕ ಮಾಡಿಕೊಂಡಿದ್ದರು. ನಂದಗಡದ ಅವನ ಸಮಾಧಿಯ ಹತ್ತಿರದ ಆಲದ ಮರಕ್ಕೆ, ಮಕ್ಕಳಾಗಲಿ ಅಂತ ಹರಕೆ ಹೊತ್ತವರು ತೊಟ್ಟಿಲು ಕಟ್ತಾರ. ಟಿಕೆಟ್ ಇಲ್ಲ, ಗಾಜಿನ ಪೆಟ್ಟಿಗೆ ಇಲ್ಲ, ನೆನಪು ಮಾತ್ರ ಸಾಯಲಿಲ್ಲ.

ಈಗ ನಮ್ಮ ಕಾಗದಕ್ಕೆ ಬರೋಣ. ಹೊಲದ ಬದಲಿಗೆ ಚಾಕರಿ ಅನ್ನೋ ಪದ್ಧತಿಯ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ಇದ್ದವರು ನಮ್ಮ ಮುತ್ಯಾಗಳು. ಊರಿಗೆ ಡಂಗುರ ಸಾರಬೇಕು, ಸಾಹೇಬರ ಗಂಟು ಹೊರಬೇಕು, ಟಪಾಲು ಮುಟ್ಟಿಸಬೇಕು, ಸತ್ತ ದನ ಎಳೀಬೇಕು. ಇದಕ್ಕೆಲ್ಲ ಒಂದು ತುಂಡು ವತನ ಹೊಲ. ಬೆಳಗಾವಿ ಜಿಲ್ಲೆ ಅವಾಗ ಮುಂಬೈ ಪ್ರಾಂತ್ಯದಲ್ಲಿತ್ತು. 1874ರ ವತನ ಕಾಯ್ದೆ ಈ ಜೀತಕ್ಕೆ ಕಾನೂನಿನ ಮುದ್ರೆ ಒತ್ತಿತ್ತು. ಅದನ್ನು ತಿದ್ದಲಿಕ್ಕೆ ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದರು. ಆ ಹೊಲ ಇರೋತನಕ ನಮ್ಮ ಮಂದಿ ಊರ ಚಾಕರಿ ಬಿಡೋದಿಲ್ಲ, ಸಾಲಿಗೂ ಹೋಗೋದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಚಾಕರಿ ಹೋಯಿತು, ಹೊಲ ಮರುಮಂಜೂರಿ ಮಾಡಿಸಿಕೊಳ್ಳಬೇಕಾಯಿತು. ಮಾಡಿಸಿಕೊಂಡವರು ಉಳಿಸಿಕೊಂಡರು. ಕಾಗದ ಓದಲಿಕ್ಕೆ ಬಾರದವರ ಹೊಲ ಎಲ್ಲಿ ಹೋದವು ಅಂತ ನಿಮ್ಮ ನಿಮ್ಮ ಮನೆಯ ಹಿರಿಯರನ್ನು ಕೇಳ್ರಿ.

ಇದನ್ನು ಮ್ಯೂಸಿಯಮ್ಮಿನ ಮಾತಿನ ನಡುವೆ ಯಾಕೆ ತಂದೆ? ಯಾಕಂದ್ರ ಇವತ್ತಿಗೂ ಕೇರಿಯ ಎಷ್ಟೋ ಮನೆಯ ಟ್ರಂಕಿನಲ್ಲಿ ಆ ಹಳೇ ಸನದು, ಕರ ಕಟ್ಟಿದ ಪಾವತಿ, ಮೋಡಿ ಲಿಪಿಯ ಚೀಟಿ ಗೆದ್ದಲು ತಿನ್ನುತ್ತ ಬಿದ್ದಾವು. ಅರಸನ ಕಾಗದ ಆದ್ರ ಅದು ದಾಖಲೆ, ನಮ್ಮದಾದ್ರ ರದ್ದಿ! ಮಂಜೂರಾದ ಜಮೀನು ವಾಪಸ್ ಪಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಕೇಸು ಹಾಕಲಿಕ್ಕೂ ಕಾಗದವೇ ಬೇಕು. ನಮ್ಮ ಪಾಲಿಗೆ ಹಳೇ ಕಾಗದ ಅಂದ್ರ ಇತಿಹಾಸವೂ ಹೌದು, ಹೊಲವೂ ಹೌದು.

ಇನ್ನು ವೀರಗಲ್ಲು, ಮಾಸ್ತಿಗಲ್ಲು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಒಂದು ಕೈ. ಗಂಡನ ಚಿತೆ ಏರಿದ ಹೆಣ್ಣಿಗೆ ಕಲ್ಲು ನಿಲ್ಲಿಸಿತು ಈ ನಾಡು. ಬದುಕಿದ್ದೇ ದೇವರ ಹೆಸರಿನಲ್ಲಿ ಊರಿನ ಪಾಲಾದ ಹೆಣ್ಣಿಗೆ?

ಅದಕ್ಕೆ ಸವದತ್ತಿಗೆ ಬರಬೇಕು. ಹಳೇ ಹೆಸರು ಸುಗಂಧವರ್ತಿ, ರಟ್ಟರು ಆಳಿದ ಊರು. ಬಸದಿಗಳಿಗೆ, ಗುಡಿಗಳಿಗೆ ಕೊಟ್ಟ ದಾನದ ಶಾಸನಗಳು ಅದಾವು. ಊರಲ್ಲಿ ಶಿರಸಂಗಿ ದೇಸಾಯರ ಕೋಟೆ ಐತಿ. ಹತ್ತಿರದಲ್ಲೇ ಯಲ್ಲಮ್ಮನ ಗುಡ್ಡ. ಭಾರತ ಹುಣ್ಣಿವಿಗೆ ಲಕ್ಷಗಟ್ಟಲೆ ಮಂದಿ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರ್ತಾರ. ಆ ಗುಡ್ಡದ ಹೆಸರಿನಲ್ಲಿ ಎಷ್ಟು ತಲೆಮಾರು ನಮ್ಮ ಅಕ್ಕ-ತಂಗಿಯರಿಗೆ ಮುತ್ತು ಕಟ್ಟಿದರು! 1934ರಲ್ಲಿ ಮುಂಬೈ ಸರ್ಕಾರ ಕಾಯ್ದೆ ತಂತು, 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ತಂತು. ಪದ್ಧತಿಯನ್ನು ನಿಜವಾಗಿ ಅಲುಗಾಡಿಸಿದ್ದು ಮಾತ್ರ ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು ಮನೆ ಮನೆಗೆ ಹೋಗಿ ತಡೆದಾಗ.

ಅವರ ಕೈಯಲ್ಲಿ ಚೌಡಕಿ ಐತಿ, ತುಂತುಣಿ ಐತಿ, ತಲೆ ಮೇಲೆ ಜಗ ಐತಿ, ಕೊರಳಲ್ಲಿ ಕೆಂಪು-ಬಿಳಿ ಮುತ್ತು. ಇವನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕೋ ಬ್ಯಾಡೋ? ಚೌಡಕಿ ಒಂದು ಕಲೆ, ಅದರ ಹಾಡಿನಲ್ಲಿ ನಮ್ಮ ಹೆಣ್ಣುಮಕ್ಕಳ ಬುದ್ಧಿ ಐತಿ, ಸಿಟ್ಟು ಐತಿ. ಮುತ್ತು ಹಂಗಲ್ಲ, ಅದು ಬೇಡಿ. ಎರಡನ್ನೂ ಒಂದೇ ಗಾಜಿನೊಳಗೆ ಇಟ್ಟು ‘ನಮ್ಮ ಭವ್ಯ ಜಾನಪದ ಪರಂಪರೆ’ ಅಂತ ಚೀಟಿ ಹಚ್ಚಿದ್ರ ಅದು ಎರಡನೇ ಸಲ ಮುತ್ತು ಕಟ್ಟಿದಂಗ. ಏನು ಇಡಬೇಕು, ಕೆಳಗೆ ಏನು ಬರೀಬೇಕು ಅಂತ ಹೇಳೋ ಹಕ್ಕು ಅದನ್ನು ತೊಟ್ಟ ಹೆಣ್ಣುಮಕ್ಕಳದು. ಬ್ಯಾಡ ಅಂದ್ರ ಬ್ಯಾಡ.

ಇನ್ನು ರಾಮದುರ್ಗ. ಭಾವೆ ಮನೆತನದ ಸಂಸ್ಥಾನ, 1948ರಲ್ಲಿ ವಿಲೀನವಾಯಿತು. 1939ರ ಏಪ್ರಿಲ್ 7ರಂದು ಅರಸೊತ್ತಿಗೆಯ ವಿರುದ್ಧ ಜನ ಸಿಡಿದೆದ್ದ ಊರು. ಅಲ್ಲಿ ನಾನು ವಾಡೆಗಿಂತ ಹೆಚ್ಚು ಹೊತ್ತು ಕಳೆದದ್ದು ಸಂತೆಯಲ್ಲಿ. ಈಗ ಮಿಣಿ ನೈಲಾನಿನದು, ಬಾರಕೋಲ ಪ್ಲಾಸ್ಟಿಕ್ಕಿನದು, ಕಾಲಿಗೆ ರಬ್ಬರ್ ಚಪ್ಪಲಿ. ಎರಿ ಹೊಲದ ಒಕ್ಕಲುತನ ನಡೆದದ್ದೇ ಮಾದರ ಕೈಯಿಂದ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಎತ್ತಿನ ಮಿಣಿ, ಮಳೆಗಾಲದ ಅಂಟು ಮಣ್ಣಿನಲ್ಲೂ ಹರಿಯದ ಕೆರವು, ಎಲ್ಲ ಅವರೇ ಮಾಡಿಕೊಟ್ಟದ್ದು. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ಕೂದಲು ಕೆರೆದು, ಮರದ ತೊಗಟೆಯ ನೀರಲ್ಲಿ ದಿನಗಟ್ಟಲೆ ಇಟ್ಟು ಹದ ಮಾಡೋದು ರಸಾಯನಶಾಸ್ತ್ರ ಅಲ್ಲದೆ ಮತ್ತೇನು? ಆ ವಿದ್ಯೆ ಬಲ್ಲವರಿಗೆ ಸಿಕ್ಕ ಪದವಿ ಮಾತ್ರ ಮುಟ್ಟಿಸಿಕೊಳ್ಳಬಾರದವರು ಅಂತ.

ಬೇರೆ ಒಂದು ಊರಿನ ಜಾನಪದ ಕೋಣೆಯಲ್ಲಿ, ಹೆಸರು ಬೇಡ ಬಿಡ್ರಿ, ಹಲಗಿಯ ಕೆಳಗೆ ‘ಹಳ್ಳಿಯ ವಾದ್ಯ’ ಅಂತ ಬರೆದಿದ್ದರು. ಯಾವ ಹಳ್ಳಿಯ, ಯಾರ ವಾದ್ಯ? ಊರಿನ ಎಲ್ಲರೂ ಬಾರಿಸ್ತಿದ್ದರೇನು? ಹಲಗಿ ಯಾರ ಕೊರಳಿಗೆ ಬಿತ್ತು, ಯಾಕೆ ಬಿತ್ತು ಅನ್ನೋದನ್ನು ಅಳಿಸಿ ಬರೇ ಹಲಗಿ ಇಟ್ಟರೆ ಅದು ಮರ್ಯಾದೆ ಅಲ್ಲ.

ಹೊರಗಿನ ಲೋಕದಲ್ಲಿ ಏನು ಮಾಡ್ಯಾರ ನೋಡ್ರಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಬಡಾವಣೆ. 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿ ಮುಂದೆ ಸುಮಾರು 60,000 ಮಂದಿಯನ್ನು ಎತ್ತಂಗಡಿ ಮಾಡಿದರು, ಮನೆ ಕೆಡವಿದರು. 1994ರಲ್ಲಿ ಆ ಜನ ಒಂದು ಮ್ಯೂಸಿಯಂ ಮಾಡಿದರು. ನೆಲದ ಮೇಲೆ ಇಡೀ ಬಡಾವಣೆಯ ನಕ್ಷೆ, ತಮ್ಮ ಮನೆ ಇದ್ದ ಜಾಗದಲ್ಲಿ ಜನರೇ ಹೆಸರು ಬರೆದರು. ಅಮೆರಿಕದ ಮಾಂಟ್‌ಗೊಮೆರಿಯಲ್ಲಿ 2018ರಲ್ಲಿ ತೆರೆದ ಲೆಗಸಿ ಮ್ಯೂಸಿಯಮ್ಮಿನಲ್ಲಿ ಗಾಜಿನ ಭರಣಿಗಳ ಸಾಲು. ಕರಿಯರನ್ನು ಗುಂಪು ಸೇರಿ ಕೊಂದ ಜಾಗಗಳ ಮಣ್ಣನ್ನು ತಂದು, ಒಂದೊಂದು ಭರಣಿಯ ಮೇಲೆ ಸತ್ತವರ ಹೆಸರು ಬರೆದಾರ. ನಮಗೂ ಮಣ್ಣಿಗೇನು ಕೊರತೆ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಕೋರ್ಟಿನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಮಣ್ಣಿನ ಭರಣಿ ಕರ್ನಾಟಕದ ಯಾವ ಮ್ಯೂಸಿಯಮ್ಮಿನಲ್ಲಿ ಇರಬೇಕು, ಹೇಳ್ರಿ.

ನಮ್ಮ ಹತ್ತಿರವೇ ಒಂದು ಜಾಗ ಐತಿ. ಬಾಬಾಸಾಹೇಬರ ಸಂಸ್ಥೆ ಮುಂಬೈ ಪ್ರಾಂತ್ಯದಲ್ಲಿ ನಡೆಸಿದ ಐದು ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಧಾರವಾಡದ್ದು. ನಿಪ್ಪಾಣಿಯ ಬಳವಂತರಾವ್ ವರಾಳೆ ಅದನ್ನು ನೋಡಿಕೊಂಡರು. ರಮಾಬಾಯಿ ಅಲ್ಲಿಗೆ ಬಂದಾಗ ಮಕ್ಕಳ ಊಟಕ್ಕೆ ಕಾಳಿಲ್ಲದ್ದು ನೋಡಿ ತಮ್ಮ ಕೈಬಳೆ ಬಿಚ್ಚಿಕೊಟ್ಟರು ಅಂತ ಹಿರಿಯರು ಹೇಳ್ತಾರ. ಮಾಸ್ತಿಗಲ್ಲಿನ ಬಳೆ ಕೈ ಒಂದು ಕಡೆ, ರಮಾಯಿಯ ಬರಿಗೈ ಇನ್ನೊಂದು ಕಡೆ. ನಮ್ಮ ಹೆಣ್ಣುಮಕ್ಕಳಿಗೆ ಯಾವುದನ್ನು ತೋರಿಸೋಣ?

ಸರ್ಕಾರ ಮಾಡಲಿ ಅಂತ ಅರ್ಜಿ ಕೊಡೋದು ಕೊಡೋಣ, ಕಾಯುತ್ತ ಕೂರೋದು ಬ್ಯಾಡ. ಕ್ಲಾರ್ಕನ ಮಾತು ಕೇಳ್ರಿ: ರಿಜಿಸ್ಟರಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಒಂದು ನೂರು ಪುಟದ ಗಟ್ಟಿ ವಹಿ ತಗೊಳ್ರಿ. ವಸ್ತುವಿನ ಹೆಸರು, ಯಾರ ಮನೆಯದು, ಮಾಡಿದವರು ಯಾರು, ಏನಕ್ಕೆ ಬಳಸ್ತಿದ್ದರು, ಹೇಳಿದವರ ಹೆಸರು-ವಯಸ್ಸು, ತಾರೀಖು. ಇಷ್ಟು ಕಾಲಂ ಸಾಕು. ಚಲವಾದಿಯ ಗಂಟೆ ಬಟ್ಟಲು, ಅಜ್ಜನ ರಂಪಿಗೆ, ಆಯಿಯ ಚೌಡಕಿ, ಮೊದಲ ಸಲ ಸಾಲಿಗೆ ಹೋದವರ ಸ್ಲೇಟು, ಚಳವಳಿಯ ಹ್ಯಾಂಡ್‌ಬಿಲ್. ವಸ್ತು ಅವರ ಮನೆಯಲ್ಲೇ ಇರಲಿ. ಫೋಟೋ ತೆಗೀರಿ, ವಹಿಯಲ್ಲಿ ಬರೀರಿ. ಸನದು, ಪಾವತಿಗಳ ನಕಲು ಮೊದಲು ಮಾಡಿಸ್ರಿ, ಮೂಲ ಕಾಗದ ಯಾರ ಕೈಗೂ ಕೊಡಬ್ಯಾಡ್ರಿ. ಅಂಬೇಡ್ಕರ್ ಭವನದಲ್ಲಿ ಒಂದು ಕಪಾಟು ಇದ್ದರೆ ಅದೇ ನಮ್ಮ ಮ್ಯೂಸಿಯಂ.

ರಾಯಣ್ಣನ ಕಾಲದಲ್ಲಿ ಹೊಲ ಕಸಿಯುವ ದಫ್ತರ ಸುಡೋದು ಹೋರಾಟ ಆಗಿತ್ತು. ನಮ್ಮ ಕಾಲದ ಹೋರಾಟ ನಮ್ಮ ದಫ್ತರ ಬರೆಯೋದು. ಎಂಬತ್ತು ದಾಟಿದವರು ಪ್ರತಿ ಕೇರಿಯಲ್ಲೂ ಬೆರಳೆಣಿಕೆಯಷ್ಟು ಉಳಿದಾರ. ಮುಂದಿನ ರವಿವಾರ ಅವರ ಕಟ್ಟೆಗೆ ಹೋಗಿ ಕೂಡ್ರಿ. ಪೆನ್ನು ಮರೀಬ್ಯಾಡ್ರಿ.

ಜೈ ಭೀಮ್.